ಇಳಿದಾಕಿ

ಜಿಗಣಿ ದಾಟಿ ಆನೇಕಲ್ ಕಡೆ ಹೋಗುವಾಗ, ಗ್ರಾನೈಟ್ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ, ಎಡಗಡೆ ಉದ್ದಕ್ಕೂ ಒಂದು ತಂತಿಬೇಲಿ ಬರುತ್ತದೆ. ಬೇಲಿಯೊಳಗೆ ಎದೆಮಟ್ಟ ಬೆಳೆದ ಹುಲ್ಲು, ಹುಲ್ಲಿನ ನಡುವೆ ಬಿರುಕು ಬಿಟ್ಟ ಡಾಂಬರಿನ ಪಟ್ಟಿ, ಒಂದು ತಗಡಿನ ಶೆಡ್ಡು, ಒಂದು ಕುಳ್ಳ ಗೋಪುರ. ಅಲ್ಲಿ ಒಂದು ವಿಮಾನ ನಿಲ್ದಾಣವಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನವರೇ ಎಷ್ಟೋ ಸಲ ಕೇಳಿದ್ದಾರೆ: "ಏರ್‌ಪೋರ್ಟಲ್ಲಿ ಕೆಲ್ಸ ಅಂದ್ರೆ ದಿನಾ ದೇವನಹಳ್ಳಿಗೆ ಹೋಗ್ತಿದ್ರಾ ಮೇಡಂ?" ಇಲ್ಲಪ್ಪ, ಇಲ್ಲೇ, ಹೆಬ್ಬಗೋಡಿಯಲ್ಲಿ ಬಸ್ಸು ಬದಲಾಯಿಸಿ ಹೋಗುತ್ತಿದ್ದೆ ಎಂದರೆ ನನಗೇ ಏನೋ ಆಗಿದೆಯೆಂಬಂತೆ ನೋಡುತ್ತಾರೆ.

ಆ ಜಾಗ ಮೊದಲು ರಾಗಿ ಹೊಲವಾಗಿತ್ತಂತೆ. ಆಮೇಲೆ ಯಾರೋ ಕಾರ್ಖಾನೆಯ ಮಾಲೀಕರು ತಮ್ಮ ಸಣ್ಣ ವಿಮಾನಕ್ಕೆಂದು ಅಲ್ಲಿ ನೆಲ ಸಮ ಮಾಡಿಸಿದರು. ಅವರ ಕಾಲ ಮುಗಿದ ಮೇಲೆ ವಿಮಾನ ಓಡಿಸುವುದನ್ನು ಕಲಿಸುವ ಒಂದು ಶಾಲೆ ಬಂತು, ಹೋಯಿತು. ಕೆಲವು ಕಾಲ ಸುತ್ತಲಿನ ಹಳ್ಳಿಯವರು ಅದರ ಮೇಲೆ ರಾಗಿ ತೆನೆ ಹರಡಿ ಒಕ್ಕಣೆ ಮಾಡಿದರು. ಅಷ್ಟು ಚೆನ್ನಾದ ಕಣ ಅವರಿಗೆ ಮತ್ತೆಲ್ಲಿ ಸಿಕ್ಕೀತು! ಕೊನೆಗೆ, ಸಣ್ಣ ಊರುಗಳಿಗೆ ಸಣ್ಣ ವಿಮಾನ ಬಿಡಬೇಕೆಂಬ ಉತ್ಸಾಹ ಸರ್ಕಾರಕ್ಕೆ ಬಂದಾಗ, ಬೇಲಿ ಎದ್ದಿತು, ಶೆಡ್ಡಿಗೆ ಗಾಜು ಹಾಕಿಸಿದರು, ಉತ್ತರ ಕರ್ನಾಟಕದ ಒಂದು ಊರಿಗೆ ದಿನಕ್ಕೊಂದು ವಿಮಾನ ಶುರುವಾಯಿತು. ಹಳ್ಳಿಯವರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ‘ಏರೋಪ್ಲೇನ್ ಬಯಲು’. ಕೆಲವು ವರ್ಷ ನಡೆದು, ವಿಮಾನ ಕಂಪನಿ ಕೈಯೆತ್ತಿದ ಮೇಲೆ, ಅದು ಮತ್ತೆ ಬಯಲೇ ಆಯಿತು.

ನನಗೆ ಅಲ್ಲಿ ಕೌಂಟರಿನ ಕೆಲಸ. ಹೆಸರಿಗೆ ಕೌಂಟರು, ಮಾಡಿದ್ದೆಲ್ಲ ಬೇರೆ. ಟಿಕೆಟು ನೋಡುವುದು, ಬ್ಯಾಗು ತೂಗುವುದು, ಮೈಕಿನಲ್ಲಿ ಕೂಗುವುದು, ಮುದುಕರನ್ನು ಕೈಹಿಡಿದು ಮೆಟ್ಟಿಲು ಹತ್ತಿಸುವುದು. ದೊಡ್ಡ ನಿಲ್ದಾಣಗಳಲ್ಲಿ ಒಂದೊಂದಕ್ಕೆ ಒಂದೊಂದು ಇಲಾಖೆ. ನಮ್ಮಲ್ಲಿ ಎಲ್ಲಕ್ಕೂ ನಾವೇ ಒಂದು ಹಿಡಿ ಜನ. ಬೆಂಕಿ ಆರಿಸುವವರು ಬೆಳಿಗ್ಗೆ ಜೀಪಿನಲ್ಲಿ ಪಟಾಕಿ ಹೊಡೆಯುತ್ತ ಹೋಗಿ ಹಕ್ಕಿಗಳನ್ನೂ ನಾಯಿಗಳನ್ನೂ ಓಡಿಸುತ್ತಿದ್ದರು. ಗೋಪುರದಲ್ಲಿದ್ದ ಅಧಿಕಾರಿ ಮಂಜಿನ ದಿನಗಳಲ್ಲಿ ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು. ಅವರಿಗೆ ದೂರದ ಗುರುತುಗಳು ಬೇಕಿದ್ದವು: ಮೊದಲು ಹಳ್ಳಿಯ ನೀರಿನ ಟ್ಯಾಂಕು ಕಾಣಬೇಕು, ಆಮೇಲೆ ಗ್ರಾನೈಟ್ ಯಾರ್ಡಿನ ಹಳದಿ ಕ್ರೇನು ಕಾಣಬೇಕು. ಕ್ರೇನು ಕಂಡರೆ ವಿಮಾನ ಹೊರಡಬಹುದು, ಕಾಣದಿದ್ದರೆ ಇಲ್ಲ. ರನ್‌ವೇಗೆ ದೀಪಗಳಿರಲಿಲ್ಲವಾದ್ದರಿಂದ ಹೊತ್ತು ಮುಳುಗಿದ ಮೇಲೆ ಅಲ್ಲಿ ಏನೂ ಇಳಿಯುವಂತಿರಲಿಲ್ಲ, ಏರುವಂತಿರಲಿಲ್ಲ. ಸೂರ್ಯ ಹೋದ ಕೂಡಲೇ ಗೋಪುರಕ್ಕೆ ಬೀಗ.

ನಾನು ರಾಣೆಬೆನ್ನೂರು ಕಡೆಯವಳು. ಮದುವೆಯಾಗಿ ಬಂದು, ಈ ಊರಿನ ‘ಮಾಡ್ತೀನಿ, ಬರ್ತೀನಿ’ ಕಲಿತು, ಅದರಲ್ಲೇ ಕೆಲಸ ಮಾಡುತ್ತಿದ್ದೆ. ಸಿಟ್ಟು ಬಂದಾಗ ಮಾತ್ರ ಹುಟ್ಟಿದೂರಿನ ಮಾತು ನಾಲಿಗೆಗೆ ಬರುತ್ತಿತ್ತು, ಸಿಟ್ಟು ನನಗೆ ಬೇಗ ಬರುತ್ತಿತ್ತು. ನಮ್ಮ ಕಡೆ ಸಾವಿಗೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ನಾವು ಸತ್ತವರನ್ನು ಕುಣಿಯಲ್ಲಿ ಕೂರಿಸಿ ಹೂಳುವ ಜನ, ಸುಡುವವರಲ್ಲ. ಮಣ್ಣಿಗೆ ಹೋದವರು ಕುಣಿಯ ಅಂಚಿನಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಬೇಕು. ಹಾಕಿದರೆ ಋಣ ಹರಿಯಿತು. ಮದುವೆಗೆ ಹೋಗದಿದ್ದರೆ ಯಾರೂ ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಮಣ್ಣಿಗೆ ಹೋಗದವನನ್ನು ಸಾಯುವವರೆಗೂ ಆಡಿಕೊಳ್ಳುತ್ತಾರೆ.

ಆ ದಿನ ಶಿವರಾತ್ರಿ ಇನ್ನೂ ಮುಂದಿತ್ತು. ಚಳಿ ‘ಶಿವಶಿವಾ’ ಎಂದು ಓಡುವ ಮುನ್ನ ಕೊನೆಯ ಸಲ ಕೈತೋರಿಸುತ್ತದಲ್ಲ, ಅಂಥ ಬೆಳಗು. ಬಯಲಿನ ತುಂಬ ಮಂಜು. ನನ್ನ ಪಕ್ಕದ ಕೌಂಟರಿನಲ್ಲಿದ್ದ ಸಹೋದ್ಯೋಗಿ ಬೇಗೂರಿನವರು, ಹುಟ್ಟಿ ಬೆಳೆದದ್ದೆಲ್ಲ ಇದೇ ಹೊಸೂರು ರಸ್ತೆಯ ಆಚೀಚೆ. ಒಳ್ಳೆಯ ಮನುಷ್ಯ, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಅವರ ಮುಂದೆ ಒಬ್ಬಾತ ನಿಂತಿದ್ದ. ವಯಸ್ಸು ನಲವತ್ತರ ಹತ್ತಿರ. ತಲೆಗೂದಲಲ್ಲಿ, ಹುಬ್ಬಿನಲ್ಲಿ ಕಲ್ಲಿನ ಬಿಳಿ ಹುಡಿ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು ಮುಂದಕ್ಕೆ ಚಾಚಿ ಹಿಡಿದಿದ್ದ. ಹೆಬ್ಬಗೋಡಿಯಲ್ಲಿ ಅವನ ಜೊತೆ ಬಾಡಿಗೆ ರೂಮಿನಲ್ಲಿದ್ದವರು ಬೆಳಗಿನ ಜಾವ ಅದರಲ್ಲೇ ಟಿಕೆಟು ಮಾಡಿಕೊಟ್ಟಿದ್ದರು.

"ಯಾಕಣ್ಣ ಇಷ್ಟು ಅರ್ಜೆಂಟು?" ಎಂದು ಸಹೋದ್ಯೋಗಿ ಸುಮ್ಮನೆ ಮಾತಿಗೆ ಕೇಳಿದರು.

"ಮಣ್ಣಿಗೆ ಹೊಂಟೀನ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ಆ ವಿಮಾನದಲ್ಲಿ ಆಗಾಗ ಹೊಲದ ಮಣ್ಣು ಹೋಗುತ್ತಿತ್ತು. ಪರೀಕ್ಷೆಗೆಂದು ಪೊಟ್ಟಣ ಕಟ್ಟಿಕೊಂಡು ಕೃಷಿ ಓದಿದವರು ಓಡಾಡುತ್ತಿದ್ದರು. ಸಹೋದ್ಯೋಗಿ ಚೀಲದತ್ತ ನೋಡಿ, "ಮಣ್ಣು ಕೈಯಲ್ಲಿ ತಗೊಂಡೋಗಕ್ಕೆ ಬಿಡಲ್ಲ ಅಣ್ಣ, ಲಗೇಜಿಗೆ ಹಾಕ್ಬೇಕು. ಎಷ್ಟಿದೆ ಮಣ್ಣು?" ಎಂದರು.

ಆತ ಅರ್ಥವಾಗದೆ ನಿಂತ. "ಮಣ್ಣು ಇಲ್ಲೆಲ್ಲೈತ್ರಿ? ಊರಾಗೈತಿ."

"ಓ, ಅಲ್ಲಿಂದ ತರ್ತೀರಾ?"

"ತರೂದಲ್ರೀ ಸರ," ಎಂದ ಆತ, ತೀರ ಸಣ್ಣ ದನಿಯಲ್ಲಿ. "ಹಾಕಿ ಬರೂದು."

ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಅವನ ಕಡೆ ತಿರುಗಿದೆ. "ಯಾರ ಮಣ್ಣು ಅಣ್ಣಾ?" ಎಂದು ಕೇಳಿದೆ.

"ಅವ್ವಂದ್ರಿ."

ಬಾಗಲಕೋಟೆ ಕಡೆಯ ಹಳ್ಳಿ. ತಾಯಿ ರಾತ್ರಿ ಹೋಗಿದ್ದಳು. ಇವನು ಹಿರಿಮಗ, ರಾತ್ರಿ ಪಾಳಿಯಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದ. ಮಷಿನ್ನಿನ ಸದ್ದಿನಲ್ಲಿ ಫೋನು ಕೇಳಿಸಿರಲಿಲ್ಲ. ಕೇಳಿಸುವ ಹೊತ್ತಿಗೆ ಊರಿನ ಬಸ್ಸುಗಳೆಲ್ಲ ಹೋಗಿದ್ದವು. ಹಗಲು ಬಸ್ಸು ಹಿಡಿದರೆ ಊರು ಮುಟ್ಟುವಾಗ ಕತ್ತಲೆ. "ಹೊತ್ತು ಮುಳುಗೂದ್ರಾಗ ಮಣ್ಣು ಮಾಡ್ತಾರಂತ್ರಿ," ಎಂದ. "ಹಿರೇರು ಹೇಳ್ಯಾರ, ಅದಕ್ಕಿಂತ ಕಾಯೂದಿಲ್ಲಂತ." ಆ ವಿಮಾನ ಇಳಿಯುವ ಊರಿನಿಂದ ಅವನ ಹಳ್ಳಿಗೆ ಜೀಪಿನ ದಾರಿ. ವಿಮಾನ ಹೋದರೆ ಮುಟ್ಟುತ್ತಾನೆ, ಹೋಗದಿದ್ದರೆ ಇಲ್ಲ. ಅಷ್ಟೇ ಲೆಕ್ಕ.

ಸಹೋದ್ಯೋಗಿಯ ಮುಖ ನೋಡಲಾಗಲಿಲ್ಲ. "ಅಯ್ಯೋ, ನಂಗೆ ಗೊತ್ತಾಗ್ಲಿಲ್ಲ ಮೇಡಂ, ಮಣ್ಣು ಅಂದ್ರೆ ಮಣ್ಣು ಅನ್ಕೊಂಡೆ," ಎಂದರು. ಮಣ್ಣು ಅಂದರೆ ಮಣ್ಣೇ, ಅವರನ್ನು ಬೈಯುವಂಥದ್ದೇನೂ ಇರಲಿಲ್ಲ. ಎದ್ದು ಹೋಗಿ ಆತನಿಗೆ ಕುಡಿಯಲು ನೀರು ತಂದುಕೊಟ್ಟರು.

ಮಂಜು ಕದಲಲಿಲ್ಲ. ಪ್ರಯಾಣಿಕರು ಹಾಲಿನಲ್ಲಿ ಕೂತು ಮೊಬೈಲು ನೋಡಿದರು, ಆಕಳಿಸಿದರು, ನನ್ನನ್ನು ಬೈದರು. ಮಂಜನ್ನು ನಾನೇ ಮನೆಯಿಂದ ತಂದು ಸುರಿದಿದ್ದೇನೋ ಎಂಬಂತೆ ಒಬ್ಬರು ಜಗಳಕ್ಕೇ ಬಂದರು. ಆತ ಮಾತ್ರ ಕೂರಲಿಲ್ಲ. ಗಾಜಿನ ಹತ್ತಿರ ನಿಂತು ಬಿಳಿಯನ್ನೇ ನೋಡುತ್ತಿದ್ದ. ನಾನು ಗೋಪುರಕ್ಕೆ ಫೋನು ಮಾಡಿ ಮಾಡಿ ಕೇಳುತ್ತಿದ್ದೆ.

"ಟ್ಯಾಂಕ್ ಕಾಣಿಸ್ತಿದೆ ಮೇಡಂ," ಎನ್ನುತ್ತಿದ್ದರು ಅಧಿಕಾರಿ. "ಕ್ರೇನ್ ಇನ್ನೂ ಇಲ್ಲ."

ಯಾವ ಕ್ರೇನು ಎಂದು ಆತ ಕೇಳಿದ. ಹೇಳಿದೆ. "ಅದು ನಮ್ಮ ಯಾರ್ಡಿಂದ್ರಿ," ಎಂದ. "ಅದರ ಬುಡಕ್ಕ ನಾ ಕೆಲಸ ಮಾಡೂದು." ಆಮೇಲೆ ಅವನು ಎಲ್ಲಿ ನೋಡಬೇಕೆಂದು ಯಾರೂ ತೋರಿಸಬೇಕಾಗಲಿಲ್ಲ. ದಿನವೂ ತನ್ನ ತಲೆಯ ಮೇಲೆ ಕಲ್ಲು ಹೊತ್ತು ಓಡಾಡುವ ಆ ಕ್ರೇನು ಈಗ ಕಾಣಲಿ ಎಂದು ಅವನು ಬೇಡಿಕೊಳ್ಳುತ್ತಿದ್ದನೆಂದು ತೋರುತ್ತದೆ, ತುಟಿ ಅಲ್ಲಾಡುತ್ತಿತ್ತು. ನಾನೂ ಬೇಡಿಕೊಂಡೆ. ಕೆಲಸಕ್ಕೆ ಸೇರಿದ ಮೇಲೆ ವಿಮಾನಕ್ಕಾಗಿ ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.

ಕ್ರೇನನ್ನು ಮೊದಲು ಕಂಡವನು ಅವನೇ. ಗೋಪುರದಿಂದ ಫೋನು ಬರುವ ಮುಂಚೆಯೇ "ಕಾಣಾಕ್ಹತ್ತೈತ್ರಿ," ಎಂದು ಗಾಜಿಗೆ ಕೈಯಿಟ್ಟ.

ಆದರೆ ಅಷ್ಟು ಹೊತ್ತಿಗೆ ಬೇರೊಂದು ತೊಡಕು ಬಂದಿತ್ತು. ಮಂಜು ಹೋದದ್ದೇ ತಡ, ಬಿಸಿಲು ಚುರುಕಾಯಿತು, ಗಾಳಿ ಪೂರ್ತಿ ನಿಂತುಹೋಯಿತು. ಬಿಸಿಯಾದ ಗಾಳಿ ತೆಳು, ಅದು ವಿಮಾನವನ್ನು ಸರಿಯಾಗಿ ಎತ್ತುವುದಿಲ್ಲ. ಎದುರು ಗಾಳಿಯೂ ಇಲ್ಲದಿದ್ದರೆ ಇನ್ನೂ ಉದ್ದ ಓಡಬೇಕು. ಓಡುವುದಕ್ಕೆ ನಮ್ಮ ರನ್‌ವೇ ಗಿಡ್ಡ. ಅಂಥ ಹೊತ್ತಿನಲ್ಲಿ ಭಾರ ಇಳಿಸಬೇಕು, ಬೇರೆ ಉಪಾಯವಿಲ್ಲ. ಎಲ್ಲರೂ ಹತ್ತಿ ಕೂತ ಮೇಲೆ ಪೈಲಟ್ ನನ್ನನ್ನು ಕರೆದರು. ಒಂದಷ್ಟು ಬ್ಯಾಗುಗಳನ್ನು ಇಳಿಸಿಯಾಗಿತ್ತು. ಇನ್ನೂ ಒಬ್ಬರು ಇಳಿಯಬೇಕಿತ್ತು.

ಯಾರು ಇಳಿಯಬೇಕೆಂಬುದಕ್ಕೆ ಕಂಪನಿಯ ನಿಯಮವಿತ್ತು. ತಾವಾಗಿ ಯಾರೂ ಇಳಿಯದಿದ್ದರೆ, ಕೊನೆಯಲ್ಲಿ ಟಿಕೆಟು ಮಾಡಿಸಿದವರು ಇಳಿಯಬೇಕು. ಕೊನೆಯಲ್ಲಿ ಮಾಡಿಸಿದವನು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ವಿಮಾನದೊಳಗೆ ನಿಂತು, ನಮಗೆ ಬಾಯಿಪಾಠ ಮಾಡಿಸಿದ್ದ ಮಾತನ್ನು ಮೊದಲು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಕನ್ನಡದಲ್ಲಿ: "ಕಾರ್ಯಾಚರಣೆಯ ಕಾರಣಗಳಿಂದಾಗಿ ಒಬ್ಬ ಪ್ರಯಾಣಿಕರು ಸ್ವಇಚ್ಛೆಯಿಂದ ತಮ್ಮ ಆಸನವನ್ನು ಬಿಟ್ಟುಕೊಡಬೇಕಾಗಿ ವಿನಂತಿ." ಯಾರೂ ಮಿಸುಕಲಿಲ್ಲ. ಕೆಲವರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು, ಅಲ್ಲಿ ನೋಡುವುದಕ್ಕೆ ಹುಲ್ಲು ಬಿಟ್ಟು ಏನಿತ್ತು? ಅವರನ್ನು ದೂರಿ ಫಲವಿಲ್ಲ. ಆ ಕನ್ನಡವನ್ನು ಕೇಳಿ ಯಾರಾದರೂ ಜಾಗ ಬಿಟ್ಟರೆ ಅದೇ ಆಶ್ಚರ್ಯ.

ಹಿಂದಿನ ಸಾಲಿನಲ್ಲಿ ಬೆಲ್ಟು ಬಿಚ್ಚಿದ ಸದ್ದು ಕೇಳಿಸಿತು. ಆತ ಎದ್ದು ನಿಂತಿದ್ದ. ಯಾರು ಹೇಳಿದ್ದರೋ, ನಿಯಮ ಅವನಿಗೆ ಗೊತ್ತಾಗಿತ್ತು. "ನಂದ ಕಡೀ ಟಿಕೀಟ್ರಿ," ಎಂದ. "ನಾ ಇಳೀತೀನಿ, ಬಿಡ್ರಿ." ಚೀಲವನ್ನು ಎದೆಗೆ ಅವುಚಿಕೊಂಡು, ಯಾರ ಕಾಲಿಗೂ ತಾಗದ ಹಾಗೆ ಓರೆಯಾಗಿ ನಡೆದು ಬಂದ.

ನನ್ನ ಮೈ ಉರಿಯಿತು. ಯಾರ ಮೇಲೆ ಎಂದು ಹೇಳಲಾರೆ. ಬಿಸಿಲಿನ ಮೇಲೋ, ನಿಯಮದ ಮೇಲೋ, ಅಷ್ಟು ಸುಲಭವಾಗಿ ಇಳಿಯಲು ಎದ್ದ ಅವನ ಮೇಲೆಯೋ. "ಕುಂದ್ರು ಅಣ್ಣಾ," ಎಂದೆ. ಡ್ಯೂಟಿಯಲ್ಲಿ ನಾಲಿಗೆ ಕಚ್ಚಿ ತಡೆಯುತ್ತಿದ್ದ ಊರಿನ ಮಾತು ತಾನಾಗಿ ಬಂತು. ಆಮೇಲೆ ಎಲ್ಲರ ಕಡೆ ತಿರುಗಿ ಹೇಳಿದೆ:

"ಈ ಅಣ್ಣ ಮಣ್ಣಿಗೆ ಹೊಂಟಾನ್ರಿ. ಅವರವ್ವನ ಮಣ್ಣಿಗೆ."

ವಿಮಾನದಲ್ಲಿದ್ದವರೆಲ್ಲ ಆ ಕಡೆಯವರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ ದೊಡ್ಡ ದೊಡ್ಡ ಹುದ್ದೆ ಮಾಡಿ, ಮನೆಯಲ್ಲೂ ಅರ್ಧ ಇಂಗ್ಲಿಷು ಆಡುವವರು. ಆದರೆ ಆ ಒಂದು ಶಬ್ದವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊಬೈಲುಗಳು ಕೆಳಗಿಳಿದವು. ಒಂದು ಬೆಲ್ಟು ಬಿಚ್ಚಿತು, ಇನ್ನೊಂದು ಬಿಚ್ಚಿತು, ಮತ್ತೆಲ್ಲೋ ಮಗದೊಂದು. ಬೆಳಿಗ್ಗೆ ನನ್ನೊಡನೆ ಜಗಳಕ್ಕೆ ಬಂದಿದ್ದವರೂ ಎದ್ದು ನಿಂತಿದ್ದರು. ಮೆಟ್ಟಿಲ ಬಳಿ ನಿಂತಿದ್ದ ನನ್ನ ಸಹೋದ್ಯೋಗಿ ಒಳಗೆ ಇಣುಕಿ, ಕಣ್ಣು ಒರೆಸಿಕೊಂಡು ಆಚೆ ತಿರುಗಿದರು.

ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದವರು ಮುಂದಿನ ಸಾಲಿನ ಒಬ್ಬ ಹೆಂಗಸು. ಐವತ್ತು ದಾಟಿದವರು, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಇಳಕಲ್ ಸೀರೆ. ತೋಳಿಗೆ ಹಾಕಿಕೊಂಡಿದ್ದ ಕೈಚೀಲದಿಂದ ಹಸುಗೂಸಿನ ತಲೆಗೆ ಕಟ್ಟುವ ಕುಂಚಿಗೆಯ ಜರಿ ಹೊರಗೆ ಕಾಣುತ್ತಿತ್ತು. ಅದನ್ನು ನೋಡಿ, "ಅಕ್ಕಾರ, ನೀವು ತೊಟ್ಟಿಲ ಕಾರ್ಯಕ್ಕ ಹೊಂಟೀರೇನು?" ಎಂದು ಕೇಳಿದೆ.

"ಹೌದು. ತಮ್ಮನ ಮಗಳು. ಮಧ್ಯಾಹ್ನಕ್ಕ ಹೆಸರಿಡೂದು," ಎಂದರು.

ಅಂದರೆ ಇವರು ಸೋದರತ್ತೆ. ಹೆಸರನ್ನು ಕೂಸಿನ ಕಿವಿಯಲ್ಲಿ ಮೊದಲು ಹೇಳಬೇಕಾದವರೇ ಇವರು. ಬೇರೆಯವರು ಎದ್ದಿದ್ದಾರೆ, ನೀವು ಕೂತುಕೊಳ್ಳಿ ಎಂದೆ. ಅವರು ಆಗಲೇ ಒಂದು ಮೆಟ್ಟಿಲು ಇಳಿದಿದ್ದರು.

"ತೊಟ್ಲಾ ನಾಳೆ ತೂಗಿದ್ರೂ ನಡೀತದವಾ," ಎಂದರು. "ಮಣ್ಣು ನಾಳೆ ಸಿಗಂಗಿಲ್ಲ."

ಆತ ಅವರಿಗೆ ಕೈಮುಗಿಯಲು ಹೋದ. ಚೀಲ ಅಡ್ಡ ಬಂತು. ಅಷ್ಟರಲ್ಲಿ ಬಾಗಿಲು ಹಾಕಬೇಕಾಯಿತು. ಅಲ್ಲಿ ಇಳಿದ ಮೇಲೆ ಜೀಪು ಹುಡುಕಲು ಬೇಕಾದರೆ ಇರಲಿ ಎಂದು ನನ್ನ ನಂಬರನ್ನು ಅವನಿಗೆ ಮೊದಲೇ ಕೊಟ್ಟಿದ್ದೆ. ವಿಮಾನ ಪಟ್ಟಿಯ ತುದಿಗೆ ಹೋಗಿ ತಿರುಗಿ ಓಡಿ ಬಂತು. ನಾವೆಲ್ಲ, ಬೆಂಕಿ ಜೀಪಿನವರೂ ಸೇರಿ, ಉಸಿರು ಹಿಡಿದು ನಿಂತಿದ್ದೆವು. ಬೇಲಿ ಹತ್ತಿರವಾಗುತ್ತಿದ್ದಂತೆ ಅದು ಎದ್ದಿತು.

ಆ ಅಕ್ಕನವರು ಮನೆಗೆ ಹೋಗಲಿಲ್ಲ. ಖಾಲಿ ಹಾಲಿನಲ್ಲಿ ಫ್ಯಾನಿನ ಕೆಳಗೆ ಕೂತರು. ತಮ್ಮನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರು. ಆ ಕಡೆಯಿಂದ ಏನೋ ವಾದ. ಕೊನೆಗೆ ಇವರೇ, "ಮುಹೂರ್ತ ಯಾಕ ತಪ್ಪಸ್ತೀರಿ? ಫೋನು ಕೂಸಿನ ಕಿವೀಗೆ ಹಿಡೀರಿ. ಹೆಸರು ನಾನ ಹೇಳ್ತೀನಿ," ಎಂದರು.

ಮಧ್ಯಾಹ್ನ ಕರೆ ಬಂತು. ಅವರು ಕುಂಚಿಗೆಯನ್ನು ತೊಡೆಯ ಮೇಲೆ ಹರಡಿಕೊಂಡು, ಸೆರಗು ತಲೆಗೆ ಹೊದ್ದು, ನನ್ನನ್ನು ಕರೆದರು. ನಮ್ಮ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದಿದ್ದರೆ ಹೆಸರು ಕೂರುವುದಿಲ್ಲವಂತೆ. "ಯಾರರ ಗುದ್ರೆವಾ, ಶಾಸ್ತ್ರ ಬಿಡಬಾರದು," ಎಂದರು. ಕಸ ಗುಡಿಸುತ್ತಿದ್ದ ಆನೇಕಲ್ ಕಡೆಯ ಅಕ್ಕ ಪೊರಕೆ ಕೆಳಗಿಟ್ಟು ಗಾಬರಿಯಾದಳು. "ಅಯ್ಯೋ, ದೊಡ್ಡೋರಿಗೆ ಎಂಗಕ್ಕಾ ಒಡೆಯೋದು?" ಎಂದಳು. ಅವಳಿಗೆ ಹೇಳಿಕೊಟ್ಟು, ಇಬ್ಬರೂ ಗುದ್ದಿದೆವು. ನಾನು ಸ್ವಲ್ಪ ಜೋರಾಗಿಯೇ ಗುದ್ದಿದೆನೇನೋ, ಬೆಳಗಿನಿಂದ ಕಟ್ಟಿಕೊಂಡಿದ್ದದ್ದೆಲ್ಲ ಕೈಗೆ ಬಂದಿತ್ತು. ಅವರು ಫೋನಿಗೆ ಅಂಗೈ ಮರೆ ಮಾಡಿ ಹೆಸರು ಹೇಳಿದರು. ಏನು ಹೆಸರೆಂದು ನನಗೆ ಕೇಳಿಸಲಿಲ್ಲ. ದೂರದ ಆ ಮನೆಯಲ್ಲಿ ಹೆಂಗಸರು ನಕ್ಕದ್ದು ಕೇಳಿಸಿತು, ಕೂಸು ಅತ್ತದ್ದೂ ಕೇಳಿಸಿತು. ನಗುತ್ತ ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ನೋಡಲಾರದೆ ನಾನು ಕೌಂಟರಿಗೆ ಹೋದೆ.

ಆಮೇಲೆಯೂ ಅವರು ಏಳಲಿಲ್ಲ. "ಆತ ಮುಟ್ಟಿದ್ನಂತ ಕೇಳಿಕೊಂಡ ಹೋಗ್ತೀನಿ," ಎಂದರು. ವಿಮಾನ ವಾಪಸು ಬಂತು, ಅದರಲ್ಲಿ ಬಂದವರು ಕ್ಯಾಬು ಹತ್ತಿ ಹೋದರು. ಬಿಸಿಲು ಕ್ರೇನಿನ ಹಿಂದೆ ಇಳಿಯಿತು. ಎಂದಿನಂತೆ ಗೋಪುರಕ್ಕೆ ಬೀಗ ಹಾಕಿ ಅಧಿಕಾರಿ ಕೆಳಗೆ ಬಂದರು. ಬಂದವರು ಮನೆಗೆ ಹೋಗದೆ ನಮ್ಮ ಜೊತೆ ಕೂತರು. ಸಹೋದ್ಯೋಗಿ ಎಲ್ಲರಿಗೂ ಚಹಾ ತರಿಸಿದರು. ಕತ್ತಲಾಯಿತು, ಫೋನು ಬರಲಿಲ್ಲ. ನಾವೆಲ್ಲ ಸೇರಿ ಮಾಡಿದ್ದು ವ್ಯರ್ಥವಾಯಿತೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಫೋನು ಬಂದಾಗ ಸ್ಪೀಕರಿಗೆ ಹಾಕಿದೆ. ಆ ಕಡೆ ಬಹಳ ಜನರ ಗದ್ದಲ, ಎಲ್ಲೋ ಭಜನೆಯ ತಾಳ.

"ಮೇಡಮ್ಮಾರ, ಮುಟ್ಟಿದೆನ್ರಿ," ಎಂದ. ದನಿ ಒಡೆದಿತ್ತು. "ಕುಣಿಯಾಗ ಕುಂದ್ರಿಸಿದ್ರು ಅವ್ವನ್ನ. ನಾ ಹ್ವಾದ ಮ್ಯಾಲ ಮಣ್ಣು ಹಾಕಿದ್ರು. ಮೊದಲ ನಾನ ಹಾಕಿದೆ."

ಅವನು ಮುಂದುವರಿಸಿದ.

"ಇನ್ನೊಂದು ಮಾತ್ರಿ. ಇಮಾನದಾಗಿಂದ ಇಳಿದ್ರಲ್ರಿ ಒಬ್ಬಾಕಿ, ಅವ್ರ ಹೆಸರು ನಾ ಕೇಳಲಿಲ್ಲ. ಅವ್ವಗ ಹೇಳಬೇಕಾದ್ರ ಹೆಸರು ಬೇಕಾತು, ನನಗ ತಿಳೀಲಿಲ್ಲ. ‘ಯವ್ವಾ, ಇದು ಇಳಿದಾಕಿ ಪಾಲಿಂದು’ ಅಂತ ಹೇಳಿ, ಇನ್ನೊಂದು ಹಿಡಿ ಹಾಕೀನ್ರಿ. ಅವ್ರು ಸಿಕ್ರ ಹೇಳ್ರಿ."

ನನ್ನ ಪಕ್ಕದಲ್ಲೇ ಕೂತಿದ್ದರು ಅವರು. ತಮ್ಮ ಬಲಗೈಯನ್ನು ತಿರುಗಿಸಿ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಮಣ್ಣು ಹಾಕಿ ಬಂದವರ ಹಾಗೆ, ಹೊರಗಿನ ನಲ್ಲಿಗೆ ಹೋಗಿ ಕೈ ತೊಳೆದುಕೊಂಡರು.